ಮಳೆ ಮೇಲಿನ ಊರಲ್ಲಿ, ಉಕ್ಕೋದು ಕೆಳಗಿನ ಊರಲ್ಲಿ: ಒಳಚರಂಡಿ ಬಗ್ಗೆ ನಿಮ್ಮ ಪ್ರಶ್ನೆಗಳು

ಅಕ್ಕಪಕ್ಕದ ಊರುಗಳು ಸೇರಿ ಒಂದೇ ಒಳಚರಂಡಿ ಮೇನ್ ಲೈನ್ ಬಳಸೋದ್ರ ಬಗ್ಗೆ ಹೋದ ಸಂಚಿಕೆಲಿ ನಾಲ್ಕು ಸಾಲು ಬರೆದಿದ್ದೆ, ಅದಕ್ಕೆ ಎಷ್ಟು ಪ್ರಶ್ನೆ ಬಂದಿವೆ ಅಂದ್ರೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದಾರೆ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಸರ್, ನಮ್ಮ ಮನೆ ತಗ್ಗಲ್ಲಿದೆ. ಜೋರು ಮಳೆ ಶುರುವಾದ ಅರ್ಧ ಗಂಟೆಗೆಲ್ಲ ಮನೆ ಮುಂದಿನ ಮ್ಯಾನ್‌ಹೋಲ್ ಉಕ್ಕತ್ತೆ, ಎರಡು ಸಲ ಬಾತ್‌ರೂಮಿಂದಲೇ ಕೊಳಚೆ ಒಳಗೆ ಬಂದಿದೆ. ನಮ್ಮ ನಗರಸಭೆಯವರನ್ನ ಕೇಳಿದ್ರೆ ಮೇಲಿನ ಊರಿನವರು ಜಾಸ್ತಿ ನೀರು ಬಿಡ್ತಾರೆ ಅಂತಾರೆ, ಅವರನ್ನ ಕೇಳಿದ್ರೆ ನಿಮ್ಮೂರಿನ ಪೈಪೇ ಸಣ್ಣದು ಅಂತಾರೆ. ತಪ್ಪು ಯಾರದ್ದು?

ಉತ್ತರ: ಓದಿ ಬಹಳ ಸಂಕಟ ಆಯ್ತು. ಮೊದಲು ಒಂದು ವಿಷಯ ಹೇಳಿ, ಮಳೆ ಇಲ್ಲದ ದಿನವೂ ಉಕ್ಕತ್ತಾ? ಬಿಸಿಲಿದ್ದಾಗಲೂ ಉಕ್ಕಿದ್ರೆ ಸಾಮಾನ್ಯವಾಗಿ ಅದು ಕೆಪಾಸಿಟಿ ಸಮಸ್ಯೆ ಅಲ್ಲ, ಜಿಡ್ಡು, ಬಟ್ಟೆ, ಪ್ಯಾಡು, ಮರದ ಬೇರು ಸಿಕ್ಕಿಕೊಂಡು ಬ್ಲಾಕ್ ಆಗಿರತ್ತೆ ಇಲ್ಲ ಕೆಳಗಿನ ಪಂಪ್ ನಿಂತಿರತ್ತೆ, ಅದನ್ನ ನಿಮ್ಮೂರಿನವರೇ ಸರಿ ಮಾಡ್ಬೇಕು, ಪಕ್ಕದವರ ಕಡೆ ಬೆರಳು ತೋರಿಸೋ ಹಾಗಿಲ್ಲ. ನೀವು ಬರೆದ ಹಾಗೆ ಮಳೆ ಬಂದಾಗ ಮಾತ್ರ ಉಕ್ಕತ್ತೆ ಅಂದ್ರೆ ಕೊಳಚೆಗೆ ಅಂತ ಹಾಕಿದ ಪೈಪಿಗೆ ಎಲ್ಲಿಂದಲೋ ಮಳೆನೀರು ನುಗ್ತಾ ಇದೆ. ಅದು ಮೇಲಿನ ಊರಲ್ಲೂ ನುಗ್ತಿರಬಹುದು, ನಿಮ್ಮ ಬೀದಿಲೂ ನುಗ್ತಿರಬಹುದು, ಹೆಚ್ಚಿನ ಕಡೆ ಎರಡೂ ಇರತ್ತೆ. ಪೈಪ್ ಒಳಗೆ ನೀರು ಇಳಿಜಾರಲ್ಲಿ ಹರಿಯತ್ತೆ, ತುಂಬಿದಾಗ ಎಲ್ಲಿ ಮುಚ್ಚಳ ತಗ್ಗಲ್ಲಿದೆಯೋ ಅಲ್ಲಿ ಹೊರಗೆ ಬರತ್ತೆ, ಅಂದ್ರೆ ಉಕ್ಕಿದ ಜಾಗಕ್ಕೂ ನೀರು ಸೇರಿದ ಜಾಗಕ್ಕೂ ಹತ್ತು ಕಿಲೋಮೀಟರ್ ದೂರ ಇದ್ರೂ ಆಶ್ಚರ್ಯ ಇಲ್ಲ. ಹಾಗಾಗಿ ನಿಮಗೆ ಎರಡೂ ಕಡೆಯವರು ಕೊಟ್ಟ ಉತ್ತರ ಅಳತೆ ಇಲ್ದೆ ಕೊಟ್ಟ ಉತ್ತರ, ಎರಡನ್ನೂ ಒಪ್ಕೋಬೇಡಿ. ಲೈನ್ ಊರಿನ ಗಡಿ ದಾಟೋ ಜಾಗದಲ್ಲಿ ಹರಿವು ಅಳೆಯೋ ಮೀಟರ್ ಇದೆಯಾ, ಇದ್ರೆ ಆ ಮಳೆ ದಿನದ ರೀಡಿಂಗ್ ಕೊಡಿ ಅಂತ ಇಬ್ಬರಿಗೂ ಲಿಖಿತವಾಗಿ ಕೇಳಿ.

ಅಲ್ಲಿವರೆಗೆ ಮನೆ ಉಳಿಸ್ಕೊಳ್ಳೋಕೆ ನಿಮ್ಮ ಹೌಸ್ ಕನೆಕ್ಷನ್‌ಗೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿ, ನೀರು ಹೊರಗೆ ಹೋಗತ್ತೆ, ಒಳಗೆ ಬರಲ್ಲ. ಒಂದೇ ಎಚ್ಚರಿಕೆ, ಮಳೆ ಹೊತ್ತಲ್ಲಿ ಆ ವಾಲ್ವ್ ಮುಚ್ಚಿಕೊಂಡಿದ್ದಾಗ ನಿಮ್ಮ ಮನೆ ನೀರಿಗೂ ಹೊರಗೆ ದಾರಿ ಇರಲ್ಲ, ಆಗ ಫ್ಲಶ್ ಮಾಡಿದ್ರೆ ಅದು ನಿಮ್ಮ ಬಾತ್‌ರೂಮಲ್ಲೇ ಏಳತ್ತೆ. ಆಗಾಗ ಬಿಚ್ಚಿ ತೊಳೆಸ್ತಾ ಇರಿ, ಕಸ ಸಿಕ್ಕಿಕೊಂಡ ವಾಲ್ವ್ ಇದ್ದೂ ಇಲ್ಲದ ಹಾಗೆ. ಉಕ್ಕಿದ ನೀರಲ್ಲಿ ಮಕ್ಕಳನ್ನ ಕಾಲಿಡೋಕೆ ಬಿಡ್ಬೇಡಿ. ಪ್ರತಿ ಸಲ ಫೋಟೋ ತೆಗೆದು ಎಷ್ಟು ಹೊತ್ತಿಗೆ ಶುರುವಾಯ್ತು, ಎಷ್ಟು ಹೊತ್ತಿಗೆ ನಿಂತಿತು ಅಂತ ಬರೆದಿಡಿ, ಮಳೆ ಲೆಕ್ಕದ ಪಕ್ಕ ಇಟ್ಟು ನೋಡುವಾಗ ಆ ಎರಡು ಸಮಯ ಬಹಳ ಉಪಯೋಗಕ್ಕೆ ಬರತ್ತೆ.

ಪ್ರಶ್ನೆ: ನಾನು ಮೇಲಿನ ಊರೊಂದರ ಕೌನ್ಸಿಲ್ ಸದಸ್ಯ. ಶುದ್ಧೀಕರಣ ಘಟಕ ಮತ್ತು ಮೇನ್ ಲೈನ್ ಖರ್ಚನ್ನ ವರ್ಷದಲ್ಲಿ ಯಾರು ಎಷ್ಟು ನೀರು ಕಳಿಸಿದ್ರು ಅನ್ನೋ ಲೆಕ್ಕದಲ್ಲಿ ಹಂಚ್ಕೊಂಡು ಪ್ರಾಮಾಣಿಕವಾಗಿ ಕಟ್ಟಿದೀವಿ. ಈಗ ಕೆಳಗಿನ ಊರಿನವರು ಉಕ್ಕೋದಕ್ಕೆಲ್ಲ ನೀವೇ ಕಾರಣ ಅಂತಾರೆ. ದುಡ್ಡು ಕಟ್ಟಿದ ಮೇಲೂ ಆರೋಪ ಯಾಕೆ?

ಉತ್ತರ: ನೀವು ಕಟ್ಟಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಪೈಪ್ ಉಕ್ಕೋದು ವರ್ಷದ ಒಟ್ಟು ನೀರಿಂದ ಅಲ್ಲ, ಯಾವುದೋ ಒಂದು ಗಂಟೆಲಿ ಬಂದ ನೀರಿಂದ. ಲೆಕ್ಕ ಹಾಕಿ ತೋರಿಸ್ತೀನಿ, ಇದು ಉದಾಹರಣೆಗೆ ಅಂತ ನಾನೇ ಹಾಕಿದ ಅಂಕಿ. ಮೇನ್ ಲೈನ್ ಸೆಕೆಂಡಿಗೆ 300 ಲೀಟರ್ ಒಯ್ಯತ್ತೆ ಅಂತಿಟ್ಕೊಳ್ಳಿ. ಮಳೆ ಇಲ್ಲದ ದಿನ ಮೊದಲನೇ ಊರಿಂದ ಸರಾಸರಿ 60 ಲೀಟರ್, ಎರಡನೇ ಊರಿಂದ 40 ಲೀಟರ್. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡೋ ಹೊತ್ತಿಗೆ ಎರಡೂವರೆ ಪಟ್ಟು ಆದ್ರೆ 150 ಮತ್ತು 100, ಒಟ್ಟು 250, ಪೈಪ್ ಆರಾಮಾಗಿ ಒಯ್ಯತ್ತೆ. ಈಗ ಆ ಹೊತ್ತಿಗೇ ಜೋರು ಮಳೆ ಬಂತು. ಮೊದಲನೇ ಊರಿನ ಪೈಪ್ ಹೊಸದು, 180ಕ್ಕೆ ಏರಿತು ಅಷ್ಟೇ. ಎರಡನೇ ಊರಿನದು ಹಳೇದು, ಜಾಯಿಂಟ್‌ಗಳೆಲ್ಲ ಬಿಟ್ಟಿವೆ, ತಾರಸಿ ನೀರೂ ಸೇರಿಸಿದಾರೆ, 270ಕ್ಕೆ ಏರಿತು. ಒಟ್ಟು 450. 150 ಲೀಟರ್ ಪೈಪಲ್ಲಿ ಹಿಡಿಸಲ್ಲ, ಬೀದಿಗೆ ಬರತ್ತೆ.

ಒಟ್ಟು ನೀರಿನ ಲೆಕ್ಕದಲ್ಲಿ ಎರಡನೇ ಊರಿನ ಪಾಲು ನೂರಕ್ಕೆ 40ರ ಆಸುಪಾಸು, ಉಕ್ಕಿದ ಗಂಟೆಲಿ ಅದರ ಪಾಲು ನೂರಕ್ಕೆ 60, ಮಳೆಯಿಂದ ಹೆಚ್ಚಾದ 200 ಲೀಟರಲ್ಲಂತೂ 170 ಅದರದ್ದೇ, ಅಂದ್ರೆ ನೂರಕ್ಕೆ 85. ಬಿಲ್ಲಲ್ಲಿ ಇದು ಕಾಣಲ್ಲ, ಯಾಕಂದ್ರೆ ವರ್ಷದಲ್ಲಿ ಅಂಥಾ ಗಂಟೆಗಳು ಬೆರಳೆಣಿಕೆಯಷ್ಟೇ ಇರತ್ವೆ, ಒಟ್ಟು ಮೊತ್ತದಲ್ಲಿ ಕರಗಿ ಹೋಗತ್ವೆ. ನಿಮ್ಮೂರು ಇದರಲ್ಲಿ ಯಾವುದು ಅಂತ ನೀವೂ ಹೇಳೋಕಾಗಲ್ಲ, ಕೆಳಗಿನವರೂ ಹೇಳೋಕಾಗಲ್ಲ, ಗಡಿಲಿ ಅಳೆದ್ರೆ ಮಾತ್ರ ಗೊತ್ತಾಗತ್ತೆ. ಅಳತೆಯಲ್ಲಿ ನಿಮ್ಮದು ಕಮ್ಮಿ ಅಂತ ಬಂದ್ರೆ ಆರೋಪ ಅಲ್ಲಿಗೇ ಮುಗಿಯತ್ತೆ, ಜಾಸ್ತಿ ಅಂತ ಬಂದ್ರೆ ನಿಮ್ಮೂರಿನ ಪೈಪ್ ರಿಪೇರಿಗೆ ದುಡ್ಡು ಕೇಳೋಕೆ ಕೌನ್ಸಿಲ್ಲಲ್ಲಿ ನಿಮಗೊಂದು ಆಧಾರ ಸಿಗತ್ತೆ. ನೀವೇ ಮೊದಲು ಮೀಟರ್ ಹಾಕಿ ಅಂತ ಹೇಳಿದ್ರೆ ಆ ಮಾತಿಗೆ ಬಹಳ ತೂಕ ಬರತ್ತೆ.

ಪ್ರಶ್ನೆ: ನಾನು ಜೂನಿಯರ್ ಇಂಜಿನಿಯರ್. ನಮಗೆ ನಾಲ್ಕೇ ನಾಲ್ಕು ಫ್ಲೋ ಮೀಟರ್ ಮಂಜೂರಾಗಿವೆ, ಲೈನ್ ನೋಡಿದ್ರೆ ನೂರಾರು ಕಿಲೋಮೀಟರ್. ಎಲ್ಲಿ ಹಾಕ್ಲಿ, ಬಂದ ರೀಡಿಂಗ್ ಹೇಗೆ ಓದ್ಲಿ?

ಉತ್ತರ: ಈ ಪ್ರಶ್ನೆ ಬಂದಿದ್ದಕ್ಕೆ ತುಂಬಾ ಖುಷಿ, ಸ್ವಲ್ಪ ಉದ್ದ ಬರೀತೀನಿ. ಮೊದಲನೇ ಮೀಟರ್ ಪಕ್ಕದ ಊರಿನ ನೀರು ನಿಮ್ಮ ಲೈನ್‌ಗೆ ಸೇರೋ ಗಡಿ ಮ್ಯಾನ್‌ಹೋಲಲ್ಲಿ, ಎರಡನೇದು ನಿಮ್ಮ ನೀರು ಮೇನ್ ಲೈನ್‌ಗೆ ಹೊರಡೋ ಜಾಗದಲ್ಲಿ, ಒಂದರಿಂದ ಇನ್ನೊಂದು ಕಳೆದ್ರೆ ನಿಮ್ಮೂರಿನದ್ದು ಎಷ್ಟು ಅಂತ ಸಿಗತ್ತೆ. ಉಳಿದ ಎರಡನ್ನ ಒಂದೇ ಜಾಗಕ್ಕೆ ಅಂಟಿಸ್ಬೇಡಿ, ಒಂದು ಮಳೆಗಾಲದಲ್ಲಿ ಒಂದಷ್ಟು ಉಪ ಲೈನ್‌ಗಳನ್ನ ಅಳೆದು ಆಮೇಲೆ ಬೇರೆ ಕಡೆ ಎತ್ತಿ ಹಾಕಿ. ಆಳ ಮತ್ತು ವೇಗ ಎರಡನ್ನೂ ಅಳೆಯೋ ಮೀಟರೇ ಇರಲಿ, ಬರೀ ಆಳ ಅಳೆದ್ರೆ ಕೆಳಗೆ ಬ್ಲಾಕ್ ಆಗಿ ನೀರು ನಿಂತಿದ್ದನ್ನೂ ನೀವು ಜಾಸ್ತಿ ಹರಿವು ಅಂತಲೇ ಓದ್ತೀರಿ. ಜೊತೆಗೆ ಮಳೆ ಮಾಪಕ ಎರಡೂ ಊರಲ್ಲಿ ಇರಲೇಬೇಕು, ಒಂದು ಊರಲ್ಲಿ ಸುರಿದ ಮಳೆ ಪಕ್ಕದೂರಲ್ಲಿ ಇರದೇ ಹೋಗಬಹುದು. ಪಂಪಿಂಗ್ ಸ್ಟೇಷನ್ ಇದ್ರೆ ಪಂಪ್ ಎಷ್ಟು ಗಂಟೆ ಓಡಿತು ಅನ್ನೋ ಲಾಗ್ ಬುಕ್ ಇರತ್ತೆ, ಅದು ಖರ್ಚಿಲ್ಲದ ಮೀಟರ್. ಮಳೆ ದಿನದ ಗಂಟೆಗಳನ್ನ ಒಣ ದಿನದ ಗಂಟೆ ಪಕ್ಕ ಇಟ್ಟು ನೋಡಿ, ಎಷ್ಟೋ ವಿಷಯ ಅಲ್ಲೇ ತಿಳಿಯತ್ತೆ.

ರೀಡಿಂಗ್ ಓದೋಕೆ ಮೊದಲು ರಾತ್ರಿ ಎರಡರಿಂದ ನಾಲ್ಕು ಗಂಟೆ ಹರಿವು ನೋಡಿ. ಆಗ ಊರು ಮಲಗಿರತ್ತೆ, ರಾತ್ರಿ ಪಾಳಿ ಕಾರ್ಖಾನೆ ಆಸ್ಪತ್ರೆ ಬಿಟ್ರೆ ನೀರು ಬಳಸೋರು ಕಮ್ಮಿ, ಆದ್ರೂ ಪೈಪಲ್ಲಿ ತಿಳಿ ನೀರು ಹರೀತಾ ಇದ್ರೆ ಅದು ಬಹುಪಾಲು ನೆಲದೊಳಗಿನ ನೀರು, ಬಿರುಕಿಂದ ಜಾಯಿಂಟಿಂದ ಒಸರಿ ಬರ್ತಾ ಇದೆ ಅಂತ ಅರ್ಥ, ಇಲ್ಲಾಂದ್ರೆ ಕುಡಿಯೋ ನೀರಿನ ಪೈಪ್ ಎಲ್ಲೋ ಸೋರಿ ಇದಕ್ಕೆ ಸೇರ್ತಿದೆ. ಆಮೇಲೆ ಮಳೆ ದಿನದ ಗ್ರಾಫ್ ನೋಡಿ. ಮಳೆ ಜೊತೆಗೇ ಗೋಪುರದ ಹಾಗೆ ಮೇಲೆದ್ದು ಮಳೆ ನಿಂತ ಕೂಡ್ಲೇ ಇಳಿದ್ರೆ ನೀರು ನೇರವಾಗಿ ಬೀಳ್ತಾ ಇದೆ, ತಾರಸಿ ಪೈಪ್, ಅಂಗಳದ ಚರಂಡಿ, ತೂತಿನ ಮುಚ್ಚಳ, ಅಥವಾ ರಸ್ತೆಲಿ ನಿಂತ ನೀರು ಹೋಗ್ಲಿ ಅಂತ ಯಾರೋ ಮ್ಯಾನ್‌ಹೋಲ್ ಮುಚ್ಚಳ ಎತ್ತಿಟ್ಟಿರ್ತಾರೆ. ನಿಧಾನಕ್ಕೆ ಏರಿ ಮಳೆ ನಿಂತು ಎರಡು ಮೂರು ದಿನ ಆದ್ರೂ ಇಳೀದೇ ಇದ್ರೆ ನೆನೆದ ಮಣ್ಣಿಂದ ಒಸರಿ ಬರ್ತಾ ಇದೆ. ಎರಡಕ್ಕೂ ಮದ್ದು ಬೇರೆ ಬೇರೆ ಆದ್ದರಿಂದ ಇದನ್ನ ಬಿಡಿಸಿ ನೋಡ್ದೆ ಟೆಂಡರ್ ಕರೀಬೇಡಿ. ಮೊದಲನೇ ಥರದ್ದಕ್ಕೆ ಸ್ಮೋಕ್ ಟೆಸ್ಟ್ ಮಾಡಿ, ಬಿಸಿಲು ದಿನ ಲೈನ್ ಒಳಗೆ ಅಪಾಯ ಇಲ್ಲದ ಹೊಗೆ ಊದಿದ್ರೆ ಯಾವ ತಾರಸಿ ಪೈಪಿಂದ ಹೊಗೆ ಬರತ್ತೋ ಅದು ಒಳಚರಂಡಿಗೆ ಸೇರಿದೆ ಅಂತ ಬೀದಿಯಲ್ಲಿ ನಿಂತವರಿಗೆಲ್ಲ ಕಾಣತ್ತೆ, ವಾದವೇ ಬೇಕಿಲ್ಲ. ಹಿಂದಿನ ದಿನ ಮನೆ ಮನೆಗೆ, ಅಗ್ನಿಶಾಮಕದವರಿಗೆ ತಿಳಿಸಿ, ಇಲ್ಲಾಂದ್ರೆ ಬೆಂಕಿ ಅಂತ ಜನ ಹೆದರ್ತಾರೆ. ಎರಡನೇ ಥರದ್ದಕ್ಕೆ ಲೈನ್ ಒಳಗೆ ಕ್ಯಾಮೆರಾ ಬಿಟ್ಟು ನೋಡ್ಬೇಕು, ನೆಲದ ನೀರು ಮೇಲಿರೋ ಮಳೆಗಾಲದ ಕೊನೆಯಲ್ಲೇ ಬಿಡಿ, ಬೇಸಿಗೆಲಿ ಬಿಟ್ರೆ ಬಿರುಕು ಕಾಣತ್ತೆ ಒಸರೋದು ಕಾಣಲ್ಲ. ರಿಪೇರಿಗೆ ರಸ್ತೆ ಪೂರ್ತಿ ಅಗೀಬೇಕು ಅಂತೇನಿಲ್ಲ, ಹಳೇ ಪೈಪ್ ಒಳಗೆ ರಾಳ ನೆನೆಸಿದ ಬಟ್ಟೆಯಂಥ ಲೈನಿಂಗ್ ತಳ್ಳಿ ಗಟ್ಟಿ ಮಾಡೋ ವಿಧಾನ 1971ರಲ್ಲಿ ಲಂಡನ್ನಲ್ಲಿ ಶುರುವಾಯ್ತು, ಎರಿಕ್ ವುಡ್ ಅನ್ನೋ ಇಂಜಿನಿಯರ್ ಮಾಡಿದ್ದು, ಈಗ ಪ್ರಪಂಚದ ಎಲ್ಲಾ ಕಡೆ ಬಳಸ್ತಾರೆ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಹಗುರ ಮಾಡ್ಬೇಡಿ. ಮೀಟರ್ ಹಾಕೋಕೆ ಅಂತ ಯಾರನ್ನೂ ಹಾಗೇ ಮ್ಯಾನ್‌ಹೋಲ್ ಒಳಗೆ ಇಳಿಸ್ಬೇಡಿ. ಒಳಗಿರೋ ಹೈಡ್ರೋಜನ್ ಸಲ್ಫೈಡ್ ಕಮ್ಮಿ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಬರತ್ತೆ, ಜಾಸ್ತಿ ಆದಾಗ ಮೂಗು ವಾಸನೆ ಹಿಡಿಯೋ ಶಕ್ತಿಯನ್ನೇ ಕಳ್ಕೊಳತ್ತೆ, ವಾಸನೆ ಇಲ್ಲ ಅಂತ ಇಳಿದವರು ಹಾಗೇ ಪ್ರಾಣ ಬಿಟ್ಟಿದಾರೆ, ಅವರನ್ನ ಎತ್ತೋಕೆ ಹೋದವರೂ ಬಿಟ್ಟಿದಾರೆ. ನೆಲದ ಮೇಲಿಂದಲೇ ಕೋಲಲ್ಲಿ ಕೂರಿಸೋ ಸೆನ್ಸರ್, ಮುಚ್ಚಳದ ಕೆಳಗೆ ನೇತುಹಾಕೋ ರೇಡಾರ್ ಮೀಟರ್ ಬಂದಿವೆ, ಅವನ್ನೇ ಕೇಳಿ.

ಪ್ರಶ್ನೆ: ನಮ್ಮ ತಾರಸಿ ನೀರಿನ ಪೈಪ್ ಒಳಚರಂಡಿ ಚೇಂಬರ್‌ಗೆ ಕೊಟ್ಟಿದೆ, ತೆಗೆಸಿ ಅಂತ ನೋಟಿಸ್ ಬಂದಿದೆ. ಒಂದು ಮನೆ ನೀರಿಂದ ಏನಾಗತ್ತೆ?

ಉತ್ತರ: ಗುಣಾಕಾರ ಮಾಡಿ ನೋಡಿ. 100 ಚದರ ಮೀಟರ್ ತಾರಸಿ ಮೇಲೆ ಗಂಟೆಗೆ 20 ಮಿಲಿಮೀಟರ್ ಮಳೆ ಬಿದ್ರೆ 2000 ಲೀಟರ್. ನಾಲ್ಕು ಜನ ಇರೋ ಮನೆಯಿಂದ ದಿನಕ್ಕೆ ಸುಮಾರು 500 ಲೀಟರ್ ಕೊಳಚೆ ಹೋಗತ್ತೆ ಅಂತಿಟ್ಕೊಂಡ್ರೆ ನಿಮ್ಮ ತಾರಸಿ ಒಂದೇ ಗಂಟೆಲಿ ನಾಲ್ಕು ದಿನದ ಕೊಳಚೆಯಷ್ಟು ನೀರನ್ನ ಆ ಸಣ್ಣ ಪೈಪಿಗೆ ತುಂಬ್ತಾ ಇದೆ, ಬೀದಿಲಿ ಹತ್ತು ಮನೆಯವರು ಹಾಗೇ ಮಾಡಿದ್ರೆ ಏನಾಗಬಹುದು ಯೋಚಿಸಿ. ಮೊದಲನೇ ಪ್ರಶ್ನೆ ಕೇಳಿದವರ ಬಾತ್‌ರೂಮಿಗೆ ಬರೋದು ಇಂಥಾ ನೀರೇ. ತೆಗೆಸಿ, ಮಳೆನೀರು ಚರಂಡಿಗೋ ಇಂಗುಗುಂಡಿಗೋ ಕೊಡಿ. ಹಾಗೇ ಮನೆಯಿಂದ ರಸ್ತೆ ಲೈನ್‌ವರೆಗಿನ ಪೈಪ್ ಒಡೆದಿದೆಯಾ ಅಂತಲೂ ನೋಡಿಸಿ, ಈ ಖಾಸಗಿ ಪೈಪ್‌ಗಳ ಕಡೆ ಯಾರೂ ತಿರುಗಿ ನೋಡಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಈಸ್ಟ್ ಬೇ ಪ್ರದೇಶದಲ್ಲಿ ಹಲವು ಊರಿನ ಕೊಳಚೆ ಒಂದೇ ಸಂಸ್ಥೆಗೆ ಹೋಗತ್ತೆ, ಅಲ್ಲಿ ಮನೆ ಮಾರೋವಾಗ ಅಥವಾ ದೊಡ್ಡ ರಿಪೇರಿ ಮಾಡಿಸೋವಾಗ ಈ ಪೈಪ್ ಸೋರ್ತಿಲ್ಲ ಅಂತ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಗೋಬೇಕು. ಒಳ್ಳೇ ಪದ್ಧತಿ, ಎಲ್ಲರಿಗೂ ಒಂದೇ ದಿನ ಹೊರೆ ಬೀಳಲ್ಲ, ವರ್ಷ ಕಳೆದ ಹಾಗೆ ಊರೇ ಸರಿ ಹೋಗತ್ತೆ. ಆದ್ರೆ ನೋಟಿಸ್ ಕೊಡೋ ಆಫೀಸಿನವರಿಗೂ ಒಂದು ಮಾತು ಹೇಳ್ಬೇಕು, ಬೀದಿಲಿ ಮಳೆನೀರು ಚರಂಡಿಯೇ ಇಲ್ದೆ ತೆಗೀರಿ ಅಂದ್ರೆ ಜನ ಎಲ್ಲಿಗೆ ಬಿಡ್ಬೇಕು? ಅದನ್ನ ಮೊದಲು ಮಾಡಿಕೊಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ದೊಡ್ಡ ಪೈಪ್ ಹಾಕಿಬಿಟ್ರೆ ಮುಗೀತಲ್ವಾ?

ಉತ್ತರ: ಮುಗಿಯಲ್ಲ. ದೊಡ್ಡ ಪೈಪಲ್ಲಿ ಮಳೆ ಇಲ್ಲದ ದಿನ ನೀರು ತಳದಲ್ಲಿ ತೆಳ್ಳಗೆ ಹರಿಯತ್ತೆ, ವೇಗ ಸೆಕೆಂಡಿಗೆ 0.6 ಮೀಟರಿಗಿಂತ ಕಮ್ಮಿ ಆದ್ರೆ ಮರಳು ಹೂಳು ಕೂರೋಕೆ ಶುರುವಾಗತ್ತೆ, ಗ್ಯಾಸ್ ಹೆಚ್ಚತ್ತೆ, ಅದರಿಂದ ಪೈಪಿನ ಕಾಂಕ್ರೀಟ್ ತಿಂದುಹೋಗತ್ತೆ. ಅದಕ್ಕಿಂತ ಮುಖ್ಯ, ನಿಮ್ಮೂರಲ್ಲಿ ಉಕ್ಕೋದು ನಿಂತು ಆ ನೀರೆಲ್ಲ ಒಂದೇ ಸಲ ಕೆಳಗಿನ ಊರಿಗೆ ಹೋಗಿ ಅಲ್ಲಿ ಉಕ್ಕತ್ತೆ, ಅಲ್ಲೂ ದೊಡ್ಡದು ಮಾಡಿದ್ರೆ ಶುದ್ಧೀಕರಣ ಘಟಕಕ್ಕೆ ಹೋಗಿ ಅಲ್ಲಿ ಕೊಳಚೆ ತಿನ್ನೋ ಬ್ಯಾಕ್ಟೀರಿಯಾನೇ ಕೊಚ್ಚಿ ಹೋಗತ್ತೆ, ಮಳೆ ನಿಂತು ಎಷ್ಟೋ ದಿನ ಘಟಕ ಸುಧಾರಿಸ್ಕೊಳ್ಳಲ್ಲ. ಮೇಲೆ ಹೇಳಿದ ಲೆಕ್ಕದಲ್ಲಿ ಸೆಕೆಂಡಿಗೆ 150 ಲೀಟರ್ ಹೆಚ್ಚುವರಿ ಎರಡು ಗಂಟೆ ಬಂದ್ರೆ 10.8 ಲಕ್ಷ ಲೀಟರ್, ಅಷ್ಟು ಹಿಡಿಸೋ ಒಂದು ಟ್ಯಾಂಕ್ ಕಟ್ಟಿ ಮಳೆ ನಿಂತ ಮೇಲೆ ನಿಧಾನಕ್ಕೆ ಲೈನ್‌ಗೆ ಬಿಡೋದು ಎಷ್ಟೋ ಕಡೆ ಅಗ್ಗ. ಕೊಳಚೆಗೂ ಮಳೆನೀರಿಗೂ ಒಂದೇ ಪೈಪ್ ಇರೋ ಹಳೇ ಊರುಗಳಿಗೆ ಇದು ಬಿಟ್ಟು ದಾರಿ ಕಮ್ಮಿ, ಶಿಕಾಗೋ ಮತ್ತು ಸುತ್ತಲಿನ ಊರುಗಳಿಗೆ ಅಂತ ಹೆಚ್ಚುವರಿ ನೀರು ಹಿಡಿದಿಡೋಕೆ 1970ರ ದಶಕದಲ್ಲಿ ಶುರು ಮಾಡಿದ ಆಳದ ಸುರಂಗಗಳು 2006ರಲ್ಲಿ ಮುಗಿದವು, ಉದ್ದ ಸುಮಾರು 175 ಕಿಲೋಮೀಟರ್. ನಿಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಪೈಪ್ ಇದ್ರೆ ಮೊದಲು ಸೋರೋದನ್ನ ನಿಲ್ಲಿಸಿ, ಆಮೇಲೂ ಉಳಿದಿದ್ದಕ್ಕೆ ಟ್ಯಾಂಕ್ ಕಟ್ಟಿ. ಮೊದಲೇ ಟ್ಯಾಂಕ್ ಕಟ್ಟಿದ್ರೆ ಸೋರೋ ನೀರಿಗೆ ಕೊಠಡಿ ಕಟ್ಟಿಕೊಟ್ಟ ಹಾಗೆ ಆಗತ್ತೆ.

ಇನ್ನೂ ಅಗ್ಗದ್ದು ಒಂದಿದೆ. ಎರಡೂ ಊರಿನ ಪಂಪಿಂಗ್ ಸ್ಟೇಷನ್‌ಗಳು ಒಂದೇ ಹೊತ್ತಿಗೆ ಎಲ್ಲಾ ಪಂಪ್ ಓಡಿಸದ ಹಾಗೆ ಮಾಡೋದು, ಕೆಳಗಿನ ಊರಿನ ಲೈನಲ್ಲಿರೋ ನೀರಿನ ಮಟ್ಟ ಮೇಲಿನ ಊರಿನ ಆಪರೇಟರಿಗೆ ಕಾಣೋ ಹಾಗೆ ಮಾಡಿ ಅವರ ಕಡೆ ಜಾಗ ಇದ್ದಷ್ಟು ಹೊತ್ತು ಹಿಡಿದು ಆಮೇಲೆ ಬಿಡೋದು. ಇದಕ್ಕೆ ಬೇಕಿರೋದು ಎರಡು ಸೆನ್ಸರ್, ಮತ್ತೆ ಒಬ್ಬ ಆಪರೇಟರ್ ಹತ್ರ ಇನ್ನೊಬ್ಬರ ಫೋನ್ ನಂಬರ್.

ಪ್ರಶ್ನೆ: ನಮ್ಮೆರಡು ಊರುಗಳ ಮಧ್ಯೆ ನಂಬಿಕೆಯೇ ಇಲ್ಲ. ಇಂಥವರು ಸೇರಿ ಒಪ್ಪಂದ ಮಾಡ್ಕೊಂಡು ನಡೆಸಿದ್ದು ಎಲ್ಲಾದ್ರೂ ಇದೆಯಾ?

ಉತ್ತರ: ಇದೆ, ಅದೂ ನೂರು ವರ್ಷಕ್ಕೂ ಹಳೇದು. ಜರ್ಮನಿಯ ಎಮ್ಷರ್ ನದಿ ಕಣಿವೆಲಿ ಕಲ್ಲಿದ್ದಲು ಗಣಿಯಿಂದ ನೆಲ ಕುಸೀತಾ ಇತ್ತು, ಪೈಪ್ ಹೂತ್ರೆ ಒಡೆದುಹೋಗ್ತಿತ್ತು, ಎಲ್ಲಾ ಊರಿನ ಕೊಳಚೆ ನದಿಗೇ ಬೀಳ್ತಿತ್ತು, ಯಾವ ಊರೂ ಒಬ್ಬಂಟಿಯಾಗಿ ಏನೂ ಮಾಡೋ ಹಾಗಿರಲಿಲ್ಲ. 1899ರಲ್ಲಿ ಊರುಗಳು, ಗಣಿಗಳು, ಕಾರ್ಖಾನೆಗಳು ಸೇರಿ ಎಮ್ಷರ್‌ಗೆನೊಸೆನ್‌ಶಾಫ್ಟ್ ಅಂತ ಒಂದು ಸಹಕಾರಿ ಸಂಸ್ಥೆ ಕಟ್ಟಿದ್ರು, 1904ರಲ್ಲಿ ಅದಕ್ಕೆ ಅಂತಲೇ ಕಾನೂನು ಬಂತು, ಯಾರಿಂದ ಎಷ್ಟು ಹೊರೆ ಬೀಳತ್ತೆ ಯಾರಿಗೆ ಎಷ್ಟು ಲಾಭ ಆಗತ್ತೆ ಅಂತ ನೋಡಿ ಖರ್ಚು ಹಂಚೋ ಪದ್ಧತಿ ಮಾಡ್ಕೊಂಡ್ರು. ಆ ಸಂಸ್ಥೆ ಈಗಲೂ ಇದೆ. ಗಣಿಗಳು ಆ ಜಾಗದಿಂದ ಹೋಗಿ ನೆಲ ಕುಸಿಯೋದು ನಿಂತ ಮೇಲೆ 1992ರಲ್ಲಿ ಕೆಲಸ ಶುರು ಮಾಡಿ ನದಿ ಜೊತೆಜೊತೆಗೆ 51 ಕಿಲೋಮೀಟರ್ ಉದ್ದದ ಒಳಚರಂಡಿ ಕಟ್ಟಿದ್ರು, 2021ರ ಕೊನೆಗೆ ನದಿಗೆ ಕೊಳಚೆ ಬೀಳೋದು ನಿಂತಿತು. ಮೂವತ್ತು ವರ್ಷ, ಎಷ್ಟು ಚುನಾವಣೆ ಬಂದು ಹೋಗಿರಬಹುದು ಯೋಚಿಸಿ, ಕೆಲಸ ನಿಲ್ಲಲಿಲ್ಲ.

ಕಷ್ಟದ ಉದಾಹರಣೆಯೂ ಇದೆ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತ 83 ಸ್ಥಳೀಯ ಸಂಸ್ಥೆಗಳ ಕೊಳಚೆ ಆಲ್ಕೋಸಾನ್ ಅನ್ನೋ ಒಂದೇ ಸಂಸ್ಥೆಯ ಘಟಕಕ್ಕೆ ಹೋಗತ್ತೆ, ಆದ್ರೆ ಬೀದಿ ಪೈಪ್‌ಗಳು ಬಹುಪಾಲು ಆಯಾ ಊರಿನವೇ. ಉಕ್ಕಿದಾಗ ಸರ್ಕಾರ ಹೆಚ್ಚಾಗಿ ಕೇಳೋದು ಕೊನೆಯಲ್ಲಿರೋ ಸಂಸ್ಥೆಯನ್ನ, ಸೋರೋ ಪೈಪ್ ಇರೋದು 83 ಜನರ ಕೈಲಿ. ಘಟಕ ಮಾತ್ರ ಜೊತೆಗೆ, ಪೈಪ್ ಅವರವರದ್ದು ಅಂತಾದ್ರೆ ಈ ಕಷ್ಟ ಎಲ್ಲಿದ್ರೂ ಬರೋದೇ.

ನೀವು ಒಪ್ಪಂದ ಬರೆಯೋವಾಗ ಇದನ್ನ ನೋಡ್ಕೊಳ್ಳಿ: ಗಡಿಲಿ ಪ್ರತಿ ಊರಿಗೆ ಸೆಕೆಂಡಿಗೆ ಇಷ್ಟು ಲೀಟರ್ ಮಾತ್ರ ಅಂತ ಮಿತಿ ಇರ್ಬೇಕು, ಮೀರಿದ್ರೆ ಹೆಚ್ಚಿನ ದರ, ಆ ದರದಲ್ಲಿ ಬಂದ ದುಡ್ಡು ಯಾರ ಖಜಾನೆಗೂ ಸೇರದೆ ಮೀರಿದ ಊರಿನ ಪೈಪ್ ರಿಪೇರಿಗೇ ಹೋಗ್ಬೇಕು, ಇದೊಂದು ಬರೆದ್ರೆ ದಂಡ ಅಂತ ಸಿಟ್ಟಾಗೋದು ಅರ್ಧ ಕಮ್ಮಿ ಆಗತ್ತೆ. ಮೀಟರ್ ಸರಿ ಇದೆಯಾ ಅಂತ ಪರೀಕ್ಷೆ ಮಾಡೋದು ಇಬ್ಬರಿಗೂ ಸಂಬಂಧ ಇಲ್ಲದ ಮೂರನೆಯವರು. ರೀಡಿಂಗ್ ಇಬ್ಬರಿಗೂ ಒಂದೇ ಕ್ಷಣಕ್ಕೆ ಕಾಣ್ಬೇಕು, ತಿಂಗಳ ಕೊನೆಗೆ ಒಬ್ಬರು ಇನ್ನೊಬ್ಬರಿಗೆ ಕಳಿಸೋ ಕಾಗದದಲ್ಲಿ ನಂಬಿಕೆ ಬೆಳೆಯಲ್ಲ. ಎಲ್ಲಿ ಉಕ್ಕಿದ್ರೂ ಎಷ್ಟು ಗಂಟೆ ಒಳಗೆ ಯಾರಿಗೆ ತಿಳಿಸ್ಬೇಕು, ಕೆಳಗೆ ಅದೇ ಹೊಳೆ ನೀರು ಕುಡಿಯೋ ಊರಿದ್ರೆ ಅವರಿಗೆ ಮೊದಲು ತಿಳಿಸ್ಬೇಕು ಅಂತ ಸ್ಪಷ್ಟವಾಗಿ ಬರೀರಿ. ಮತ್ತೆ ರಿಪೇರಿ ಮಾಡಿದ ಮೇಲೂ ಅಳೆಯೋದನ್ನ ನಿಲ್ಲಿಸ್ಬೇಡಿ, ಬೀದಿ ಪೈಪಿಗೆ ಲೈನಿಂಗ್ ಮಾಡಿದ್ಮೇಲೆ ನೆಲದ ನೀರು ಪಕ್ಕದ ಮನೆ ಕನೆಕ್ಷನ್‌ನ ಬಿರುಕು ಹುಡುಕ್ಕೊಂಡು ಹೋಗಿರೋದು ಎಷ್ಟೋ ಕಡೆ ಕಂಡಿದೆ.

ಪ್ರಶ್ನೆ: ನಮ್ಮೂರಲ್ಲಿ ದೊಡ್ಡ ಬಡಾವಣೆಯೊಂದು ಬರ್ತಾ ಇದೆ. ಲೈನ್ ತುಂಬಿದೆ ಅಂತ ಕನೆಕ್ಷನ್ ನಿಲ್ಲಿಸೋಕಾಗತ್ತಾ?

ಉತ್ತರ: ಅದು ನಿಮ್ಮಲ್ಲಿನ ಕಾನೂನು ಮತ್ತು ಒಪ್ಪಂದದ ಮೇಲೆ ಹೋಗತ್ತೆ, ಆದ್ರೆ ಬರೀ ನಿಲ್ಲಿಸೋದಕ್ಕಿಂತ ಒಳ್ಳೇ ದಾರಿ ಇದೆ. ಬಡಾವಣೆಯಿಂದ ಬರೋ ಪೀಕ್ ಹರಿವು, ಅಂದ್ರೆ ಅತಿ ಹೆಚ್ಚು ನೀರು ಬರೋ ಹೊತ್ತಿನ ಹರಿವು, ಸೆಕೆಂಡಿಗೆ 5 ಲೀಟರ್ ಅಂತಾದ್ರೆ ಅದಕ್ಕಿಂತ ಎಷ್ಟೋ ಪಟ್ಟು ಮಳೆನೀರನ್ನ, ಉದಾಹರಣೆಗೆ 20 ಲೀಟರ್‌ನ, ಹಳೇ ಲೈನಿಂದ ತೆಗೆಸೋ ರಿಪೇರಿ ಖರ್ಚು ಬಡಾವಣೆ ಮಾಡೋರೇ ಕೊಡ್ಲಿ, ತೆಗೆದಿದ್ದು ಮೀಟರಲ್ಲಿ ಕಂಡ ಮೇಲೆ ಕನೆಕ್ಷನ್ ಕೊಡಿ. ಆ ರಿಪೇರಿ ನಿಮ್ಮೂರಲ್ಲೇ ಆಗ್ಬೇಕು ಅಂತಿಲ್ಲ, ಅದೇ ಮೇನ್ ಲೈನಿನ ಮೇಲೆ ಪಕ್ಕದೂರಲ್ಲಿ ಜಾಸ್ತಿ ಸೋರ್ತಿದ್ರೆ ಅಲ್ಲೇ ಮಾಡಿಸ್ಬಹುದು, ಕಮ್ಮಿ ದುಡ್ಡಲ್ಲಿ ಜಾಸ್ತಿ ಜಾಗ ಬಿಡುವಾಗತ್ತೆ. ನಿಮ್ಮ ಮುಂದಿನ ಸಭೆಗೆ ಪಕ್ಕದೂರಿನ ಇಂಜಿನಿಯರನ್ನೂ ಕರೀರಿ.